ಇನಿಷಿಯಲ್ ಇಲ್ಲದ ಬಸವಪ್ರಸಾದ್

ಉಡಿಗಾಲದ ಬಸವಪ್ರಸಾದನ ಕಷ್ಟಕ್ಕೆಲ್ಲ ಮೂಲ ಎರಡೇ ಎರಡು ಅಕ್ಷರ. ಅದೂ ಅವನು ಬರೆದ ಅಕ್ಷರವಲ್ಲ, ಬರೆಯದೆ ಬಿಟ್ಟ ಅಕ್ಷರ.

ಚಾಮರಾಜನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅವನು ಗುಮಾಸ್ತ. ಹಾಜರಿ ಪುಸ್ತಕದಲ್ಲಿ ಅವನ ಹೆಸರು ಯು.ಎಸ್. ಬಸವಪ್ರಸಾದ್. ಹೋದ ವರ್ಷ ತನ್ನ ಕವನಗಳನ್ನೆಲ್ಲ ಸೇರಿಸಿ 'ಅರಿಶಿನದ ಹೊಲದ ಬೆಳದಿಂಗಳು' ಅಂತ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ. ರಕ್ಷಾಪುಟ ಮಾಡುವಾಗ ಪ್ರೆಸ್ಸಿನವನು, "ಹೆಸರಿಗೆ ಇನಿಷಿಯಲ್ ಹಾಕ್ಲಾ ಸಾರ್?" ಎಂದು ಕೇಳಿದ್ದ. "ಬೇಡ ಕಣ್ರಿ, ಕವಿಗೆ ಇನಿಷಿಯಲ್ ಹಾಕಿದ್ರೆ ಸಂಬಳದ ಬಿಲ್ ಥರ ಕಾಣ್ತದೆ" ಅಂದುಬಿಟ್ಟ ನಮ್ಮ ಕವಿ.

ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ತಪ್ಪು ಮಾಡಲು ಸಾಧ್ಯವಿಲ್ಲ. ಇಲ್ಲಿ ಗಂಡು ಮಗು ಹುಟ್ಟಿದರೆ ದೇವರ ಪ್ರಸಾದವೆಂದೇ ಲೆಕ್ಕ. ಹೆಸರಿನ ಬಾಲಕ್ಕೆ ಒಂದು ಪ್ರಸಾದ್ ಅಂಟಿಸದೆ ತೊಟ್ಟಿಲಿಗೆ ಹಾಕುವುದಿಲ್ಲ. ಸಂತೆಯಲ್ಲಿ ನಿಂತು "ಬಸವಪ್ರಸಾದಾ" ಅಂತ ಒಂದು ಕೂಗು ಹಾಕಿ ನೋಡಿ. ಬದನೆಕಾಯಿ ಮಾರುವವನೂ ತಿರುಗುತ್ತಾನೆ, ಕೊಳ್ಳುವವನೂ ತಿರುಗುತ್ತಾನೆ, ಇಬ್ಬರ ಜೇಬಿಗೂ ಕೈ ಹಾಕುತ್ತಿದ್ದವನೂ ಬೆಚ್ಚಿಬಿದ್ದು ತಿರುಗುತ್ತಾನೆ. ಅದಕ್ಕೇ ಹಿರಿಯರು ಹೆಸರಿನ ಮುಂದೆ ಇನಿಷಿಯಲ್ ಎಂಬ ಬೇಲಿ ಹಾಕಿಟ್ಟದ್ದು. ಬೇಲಿ ಕಿತ್ತ ಮೇಲೆ ಯಾರ ದನ ಯಾರ ಹೊಲಕ್ಕೆ ನುಗ್ಗುತ್ತದೋ ಹೇಳಲಾಗುವುದಿಲ್ಲ.

ಪುಸ್ತಕ ಯಾರೂ ಕೊಳ್ಳಲಿಲ್ಲ, ಮೈಸೂರಿನ ಅಂಗಡಿಗೆ ಕೊಟ್ಟ ನಾಲ್ಕು ಪ್ರತಿ ಬಿಟ್ಟು ಮಿಕ್ಕ ಕಟ್ಟುಗಳು ಅಟ್ಟ ಸೇರಿದವು. ಅದರ ದುಃಖ ಹಾಗಿರಲಿ. ಮೂವತ್ತಾರು ತುಂಬಿದ್ದ ಬಸವಪ್ರಸಾದನಿಗೆ ಈಗ ಅದಕ್ಕಿಂತ ದೊಡ್ಡ ಆಸೆಯೊಂದು ಹುಟ್ಟಿತ್ತು. ತೆರಕಣಾಂಬಿಯ ಯಾರದೋ ಮದುವೆಯಲ್ಲಿ ಅವನು ಒಂದು ಹುಡುಗಿಯನ್ನು ನೋಡಿದ್ದ. ಊಟದ ಪಂಕ್ತಿಯಲ್ಲಿ ಎಲ್ಲರೂ ಪಾಯಸ ಬರುವ ದಾರಿ ನೋಡುತ್ತಿದ್ದರೆ, ಅವಳು ಎಲೆಯ ಮುಂದೆ ಕೂತು ಪುಸ್ತಕ ಓದುತ್ತಿದ್ದಳು. ಹೆಸರು ಶಿವರಂಜಿನಿ, ಗುಂಡ್ಲುಪೇಟೆಯ ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕಿ. ಪುಸ್ತಕ ಓದುವ ಹುಡುಗಿ! ಆವತ್ತಿನಿಂದ ಅವನಿಗೆ ಅವಳದೇ ಧ್ಯಾನ. ಕೊನೆಗೆ ನಾಚಿಕೆ ಬಿಟ್ಟು ಸೋದರಮಾವ ಕರಿಬಸವಯ್ಯನ ಕಿವಿಗೆ ಹಾಕಿದ. ಕರಿಬಸವಯ್ಯ ಕೈ ಹಾಕಿದ ಸಂಬಂಧಗಳು ಸಾಮಾನ್ಯವಾಗಿ ಮುರಿದೇ ಹೋಗುತ್ತಿದ್ದವು, ಆದರೂ ಉತ್ಸಾಹಕ್ಕೆ ಅವನಲ್ಲಿ ಕೊರತೆ ಇರಲಿಲ್ಲ. ಹೀಗೆ ಒಂದು ಭಾನುವಾರ ಬೆಳಿಗ್ಗೆ ಮಾವ ಅಳಿಯ ಇಬ್ಬರೂ ಗುಂಡ್ಲುಪೇಟೆ ಬಸ್ಸು ಹತ್ತಿದರು.

"ಮಾವ, ಅವ್ರಿಗೆ ನನ್ನ ವಿಚಾರ ಏನು ಹೇಳಿದ್ದೀರಿ?"

"ಉಡ್ಗ ಸಾಯಿತಿ, ಪುಸ್ತಕ ಬರ್ದವ್ನೆ ಅಂದೆ ಕಣ್ಲಾ. ತಗಾ, ಅವ್ರಪ್ಪ ಮೈಸೂರ್ಗೆ ಓಗಿ, 'ಬಸವಪ್ರಸಾದ್ ಬರ್ದಿರೋವೆಲ್ಲಾನೂ ಕಟ್ಕೊಡಿ' ಅಂತ ಅಂಗ್ಡೀಲಿ ಕಟ್ಟಿಸ್ಕ ಬಂದವ್ರೆ. ಮನೆಮಂದಿಯೆಲ್ಲಾ ಅಂಚ್ಕಂಡು ಓದವ್ರೆ. ಓದ್ಬುಟ್ಟು ಮರುಳಾಗೋಗವ್ರೆ."

"ಎಲ್ಲಾನೂ? ಮಾವ, ನಾನು ಬರ್ದಿರೋದು ಒಂದೇ ಪುಸ್ತಕ."

"ಒಂದೋ ಎರ್ಡೋ, ಬುಡ್ಲಾ ಅತ್ಲಾಗೆ. ಅವ್ರು ಒಪ್ಕಂಡ್ರೆ ಸೈ. ನಾ ತೊಡೆ ಚಿವುಟ್ದಾಗ 'ಹೂಂ' ಅನ್ನು, ಸಾಕು."

ಹುಡುಗಿಯ ತಂದೆ ಶಿವಮಲ್ಲಪ್ಪನವರ ಮನೆ ಊರಾಚೆ ಹೆದ್ದಾರಿಗೆ ಹೊಂದಿಕೊಂಡಿತ್ತು. ಹಿತ್ತಲಿನಿಂದಲೇ ಚೆಂಡುಹೂವಿನ ಹೊಲ ಶುರು. ಪಡಸಾಲೆಯ ಟೀಪಾಯಿ ಮೇಲೆ ಪುಸ್ತಕಗಳನ್ನು ಪೇರಿಸಿ, ಮೇಲೊಂದು ಚೆಂಡುಹೂವು ಇಟ್ಟಿದ್ದರು. ಬಸವಪ್ರಸಾದ ಕತ್ತು ವಾರೆ ಮಾಡಿ ಒಂದೊಂದರ ಬೆನ್ನನ್ನೂ ಓದಿದ. 'ಗಬ್ಬದ ಹಸುವಿನ ಆರೈಕೆ', ಬಸವಪ್ರಸಾದ್. 'ಮನೆಮನೆಯ ಸಾರು', ಬಸವಪ್ರಸಾದ್. 'ಎಪ್ಪತ್ತೇಳು ಮಲೆಯ ಮಾದಪ್ಪನ ಮಹಿಮೆ', ಬಸವಪ್ರಸಾದ್. ಕಟ್ಟಕಡೆಗೆ ಕೆಂಪು ರಟ್ಟಿನ ದಪ್ಪ ಪುಸ್ತಕ, 'ಮದುವೆ ಯಾಕ್ರಪ್ಪಾ?' ಅದಕ್ಕೂ ಬಸವಪ್ರಸಾದನೇ ವಾರಸುದಾರ. ಒಬ್ಬನಿಗಾದರೂ ಇನಿಷಿಯಲ್ ಇರಲಿಲ್ಲ.

ತನ್ನ ಪುಸ್ತಕ ಎಲ್ಲಿ ಅಂತ ಅವನು ಹುಡುಕುತ್ತಿರುವಾಗ ಶಿವಮಲ್ಲಪ್ಪನವರು ಕಾಫಿ ಲೋಟ ಎತ್ತಿಕೊಂಡರು. ಲೋಟದ ಕೆಳಗೆ ಅದು ಮಲಗಿತ್ತು. ಬೆಳದಿಂಗಳ ಮೇಲೆ ಗುಂಡಗೆ ಕಾಫಿ ಕರೆ.

"ಅದಾ? ತೆಳ್ಳಗಿತ್ತು ನೋಡಿ, ಇವುಗಳ ಜೊತೆ ಫ್ರೀ ಕೊಟ್ರೇನೋ ಅಂದ್ಕಂಡೆ" ಎಂದರು ಶಿವಮಲ್ಲಪ್ಪನವರು.

ಬಸವಪ್ರಸಾದ ಬಾಯಿ ತೆರೆದ. "ಯಜಮಾನ್ರೇ, ಒಂದು ವಿಷಯ ಹೇಳ್ಬೇಕು. ಈ ಪುಸ್ತಕಗಳು..." ಅನ್ನುವಷ್ಟರಲ್ಲಿ ತೊಡೆಯ ಮೇಲೆ ಮಾವನ ಉಗುರು ಇಳಿಯಿತು. "ಹೂಂ" ಎಂದು ನರಳಿದ.

ಅಷ್ಟೇ ಸಾಕಾಯಿತು. ಮೂಲೆಯಲ್ಲಿ ಕೂತಿದ್ದ ಅಜ್ಜಿ ಪುಟ್ಟಸಿದ್ದಮ್ಮ ಕೋಲೂರಿಕೊಂಡು ಎದ್ದು ಬಂದರು. "ಬಂದ್ಯಾ ನನ್ನಪ್ಪ! ಮಾದಪ್ಪನ ಮಯಿಮೆ ಬರ್ದ ಕೈ ಇದೇಯಾ? ಕೊಡು ಮೊಗ ಇಲ್ಲಿ" ಎಂದು ಅವನ ಬಲಗೈ ಹಿಡಿದು ಕಣ್ಣಿಗೊತ್ತಿಕೊಂಡರು. "ಮೊಮ್ಮಗಳು ಓದಿ ಯೋಳುದ್ಲು, ನಾನು ಮೂರು ರಾತ್ರಿ ಅತ್ತೆ. ಎಲ್ಲಿ, ಒಂದ್ ಪದ ಯೋಳು ಕೇಳನ."

ಬಸವಪ್ರಸಾದನಿಗೆ ಬರುತ್ತಿದ್ದದ್ದು ಒಂದೇ ಸಾಲು, ಅದೂ ಬಸ್ಸುಗಳ ಹಣೆಯ ಮೇಲೆ ಬರೆದಿರುವುದು. ಅದನ್ನೇ ಮೂರು ಬಗೆಯಾಗಿ ಎಳೆದೆಳೆದು ಹಾಡಿದ. ಅಜ್ಜಿ ಮತ್ತೆ ಅತ್ತರು. ಯಾವ ಕಾರಣಕ್ಕೆ ಅತ್ತರೋ ಗೊತ್ತಿಲ್ಲ.

ಆ ಹೊತ್ತಿಗೆ ಒಳಮನೆಯ ಬಾಗಿಲಲ್ಲಿ ಶಿವರಂಜಿನಿ ಬಂದು ನಿಂತಳು. ಅವಳ ತುಟಿಯಂಚಿನಲ್ಲಿ ನಗುವಿನ ಹಾಗೆ ಏನೋ ಇತ್ತು. ಬಸವಪ್ರಸಾದ ಮತ್ತೊಮ್ಮೆ ಅವಳತ್ತ ನೋಡಿದ. ಇನ್ನು ನಿಜ ಹೇಳಿದರೆ ಈಗಿಂದೀಗಲೇ ವಾಪಸ್ ಬಸ್ಸು, ಹೇಳದಿದ್ದರೆ ಅವಳನ್ನು ಇನ್ನೊಂದು ಗಳಿಗೆ ನೋಡಬಹುದು ಅನ್ನಿಸಿತು. ಮನುಷ್ಯ ಸುಳ್ಳುಗಾರನಾಗುವುದು ಹೀಗೆಯೇ, ಒಂದೊಂದೇ ಗಳಿಗೆಯ ಆಸೆಗೆ.

ಮುಂದೆ ಹುಡುಗಿಯ ತಾಯಿ ಗಂಗಾಂಬಿಕೆಯವರು ಅವನನ್ನು ಅಡಿಗೆಮನೆಗೇ ಕರೆಸಿಕೊಂಡರು. "ನೀವು ಪುಸ್ತಕದಲ್ಲಿ ಬರ್ದಂಗೇ ಬಸ್ಸಾರು ಮಾಡಿದ್ದೀನಿ ಕಣಪ್ಪ. ಆದ್ರೂ ಏನೋ ಒಂದ್ಚೂರು ಕಮ್ಮಿ ಆಗದೆ. ಏನು ಅಂತ ನೀವೇ ಹೇಳ್ಬುಡಿ" ಎಂದು ಸೌಟಿನ ತುಂಬ ಸಾರನ್ನು ಅಂಗೈಗೆ ಬಿಟ್ಟರು. ಮೂವತ್ತಾರು ವರ್ಷದಲ್ಲಿ ಬಸವಪ್ರಸಾದ ಒಲೆ ಹಚ್ಚಿದ್ದು ಹಾಲು ಉಕ್ಕಿಸುವುದಕ್ಕೆ ಮಾತ್ರ. ಕೈ ಸುಟ್ಟು "ಹುಳಿ" ಅಂತ ಕೂಗಿದ. ಅವನು ಹೇಳಬೇಕೆಂದಿದ್ದದ್ದು "ಉರಿ" ಎಂದೋ ಏನೋ. ಗಂಗಾಂಬಿಕೆಯವರು ಒಂದು ಚೂರು ಹುಣಸೆಹುಳಿ ಬಿಟ್ಟು ನೋಡಿದರು, ಅವರ ಮುಖ ಅರಳಿತು. "ಅಯ್ಯೋ, ಹೌದಲ್ಲ! ಇಂಥಾ ಅಳಿಯ ಸಿಕ್ಕಕ್ಕೆ ಪುಣ್ಯ ಮಾಡಿರ್ಬೇಕು."

ಹೀಗೆ ಹಾಡುಗಾರಿಕೆ, ಅಡಿಗೆ ಎರಡೂ ದಾಟಿದವು. ಮೂರನೆಯದು ಬೇಲಿ ಹಾರಿಕೊಂಡು ಬಂತು. ಪಕ್ಕದ ಮನೆಯ ರಾಚಯ್ಯ ಟವೆಲ್ಲು ಬೀಸುತ್ತ ಓಡಿಬಂದ.

"ಶಿವಮಲ್ಲಪ್ಪಣ್ಣ, ಹಸದ ಪುಸ್ತಕ ಬರ್ದೋರು ಬಂದವ್ರಂತಲ್ಲ, ಎಲ್ಲವ್ರೆ? ನಮ್ ಕೆಂದಸ ಈಯಕ್ಕಾಗ್ದೆ ಒದ್ದಾಡ್ತಾ ಅದೆ. ಡಾಕ್ಟ್ರು ಫೋನೇ ಎತ್ತಾ ಇಲ್ಲ. ಬನ್ನಿ ಸೋಮಿ, ನಿಮ್ ಕಾಲಿಗ್ ಬೀಳ್ತೀನಿ."

"ನಾನು... ಅದು ಬರೀ ಪುಸ್ತಕ..." ಎಂದ ಬಸವಪ್ರಸಾದ. ಕರಿಬಸವಯ್ಯ ಚಿವುಟಿದ. "ಹೂಂ" ಎಂದುಬಿಟ್ಟ.

ಕೊಟ್ಟಿಗೆಯಲ್ಲಿ ಅರ್ಧ ಬೀದಿ ಸೇರಿತ್ತು. ಹಸು ಬಸವಪ್ರಸಾದನನ್ನು ನೋಡಿತು, ಬಸವಪ್ರಸಾದ ಹಸುವನ್ನು ನೋಡಿದ. ಇಬ್ಬರಿಗೂ ಸಮಾನವಾದ ಭಯ. "ಮೊದ್ಲು ಏನ್ ಮಾಡ್ಬೇಕು ಸೋಮಿ?" ಅಂತ ರಾಚಯ್ಯ ಕೇಳಿದ. ಹೊತ್ತು ಕಳೆಯಲಿ ಅಂತ ಬಸವಪ್ರಸಾದ, "ಎಲ್ರೂ ಆಚೆ ಹೋಗಿ, ಗಲಾಟೆ ಮಾಡಬೇಡಿ" ಎಂದ. ಜನ ಆಚೆ ಹೋದರು. ಅವನು ಹಸುವಿನ ಹಿಂದೆ ನಿಂತು ಕಣ್ಣು ಮುಚ್ಚಿ, ಅಜ್ಜಿಗೆ ಹಾಡಿದ ಸಾಲನ್ನೇ ಮತ್ತೆ ಗುನುಗಿದ. ಹಸು ಅವನ ಮೊಣಕಾಲಿಗೆ ಒಂದು ಒದೆ ಕೊಟ್ಟಿತು, ಅವನು ಸಗಣಿಯ ಗುಡ್ಡೆಗೆ ಹೋಗಿ ಬಿದ್ದ. ಎದ್ದು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಗಲಾಟೆ ತಪ್ಪಿದ ನೆಮ್ಮದಿಗೋ ಏನೋ, ಕರು ತಾನಾಗಿಯೇ ನೆಲಕ್ಕೆ ಬಂದಿತ್ತು.

"ಕೈಗುಣ ಅಂದ್ರೆ ಇದು ಕಣ್ರಪ್ಪಾ!" ಎಂದು ರಾಚಯ್ಯ ಬೀದಿಗೆಲ್ಲ ಸಾರಿದ.

ಪ್ಯಾಂಟು ಷರ್ಟು ಎರಡೂ ಕೆಟ್ಟಿದ್ದರಿಂದ ಅವನಿಗೆ ಶಿವಮಲ್ಲಪ್ಪನವರ ಪಂಚೆ, ಜುಬ್ಬ ಕೊಟ್ಟರು. ಶಿವಮಲ್ಲಪ್ಪನವರು ಆಜಾನುಬಾಹು. ಜುಬ್ಬದೊಳಗೆ ಬಸವಪ್ರಸಾದನ ಜೊತೆಗೆ ಇನ್ನೊಬ್ಬ ಬಸವಪ್ರಸಾದನಿಗೂ ಜಾಗವಿತ್ತು. ಹಾಗೆಯೇ ಬಂದು ಕುರ್ಚಿಯ ತುದಿಯಲ್ಲಿ ಕೂತ. ಕರಿಬಸವಯ್ಯನ ಮುಖದಲ್ಲಿ ಆಗಲೇ ಲಗ್ನದ ಓಲಗ ಊದುತ್ತಿತ್ತು.

ಆಗ ಶಿವಮಲ್ಲಪ್ಪನವರು ಕೆಂಪು ಪುಸ್ತಕವನ್ನು ಕೈಗೆತ್ತಿಕೊಂಡು ಗಂಟಲು ಸರಿಮಾಡಿಕೊಂಡರು.

"ನೋಡಿ, ಮಿಕ್ಕಿದ್ದೆಲ್ಲಾ ನಮಗೆ ಒಪ್ಗೆ. ಇದೊಂದು ಯಾಕ್ ಬರ್ದ್ರಿ ಅನ್ನದು ನಂಗ್ ತಿಳೀಬೇಕು. ಮದುವೆ ಅನ್ನದು ಮೂಗುದಾರ, ಯಾರೂ ಹಾಕ್ಸ್ಕಬ್ಯಾಡಿ ಅಂತ ಇನ್ನೂರು ಪುಟ ಬರ್ದಿದ್ದೀರಿ. ಇಂಥಾದ್ ಬರ್ದೋರ್ಗೆ ಮಗಳನ್ನ ಯಂಗ್ ಕೊಡದು?"

ಕರಿಬಸವಯ್ಯ ಚಿವುಟುವುದನ್ನು ಮರೆತ. ಬಸವಪ್ರಸಾದ ಯೋಚಿಸಿದ. ಇದೊಂದು ನನ್ನದಲ್ಲ ಅಂದರೆ ಹಸುವೂ ಸಾರೂ ಮಾದಪ್ಪನೂ ಕೈಬಿಡುತ್ತಾರೆ. ನನ್ನದೇ ಅಂದರೆ ಹುಡುಗಿ ಕೈಬಿಡುತ್ತಾಳೆ. ಅವನಿಗೆ ಒಂದೇ ದಾರಿ ಕಂಡಿತು.

"ತಪ್ಪಾಯ್ತು ಯಜಮಾನ್ರೇ. ಬುದ್ಧಿ ನೆಟ್ಟಗಿಲ್ಲದಾಗ ಬರೆದದ್ದು. ತಲೆ ಇರೋರು ಬರೆಯೋ ಪುಸ್ತಕ ಅಲ್ಲ ಅದು."

ಬಾಗಿಲ ಬಳಿ ತಟ್ಟೆಯೊಂದು ಠಣಾರೆಂದು ಬಿತ್ತು. ಶಿವರಂಜಿನಿ ಅದನ್ನೆತ್ತಿಕೊಂಡು ಮೊದಲ ಬಾರಿಗೆ ಮಾತಾಡಿದಳು.

"ಅಂದ್ರೆ, ಬರೆದವರಿಗೆ ತಲೆ ಇರಲಿಲ್ಲ ಅಂತೀರಾ?"

"ಸುತರಾಂ ಇರಲಿಲ್ಲ."

"ಭಾಷೆ ಹೇಗಿದೆ?"

"ತೀರಾ ಒರಟು."

"ಮೂರನೇ ಅಧ್ಯಾಯ?"

"ಅದನ್ನಂತೂ ಹರಿದು ಒಲೆಗೆ ಹಾಕ್ಬೇಕು."

"ಓಹೋ" ಎಂದಳು ಶಿವರಂಜಿನಿ. ಅವಳ ಕೆನ್ನೆ ಕೆಂಪಾಗಿತ್ತು. ಅದು ನಾಚಿಕೆ ಅಂತ ಬಸವಪ್ರಸಾದ ತಿಳಿದುಕೊಂಡ. ಶಿವಮಲ್ಲಪ್ಪನವರಿಗೆ ಸಮಾಧಾನವಾಯಿತು. "ಓಗಿ, ಇಬ್ರೂ ಹಿತ್ತಲ ಕಡೆ ಮಾತಾಡ್ಕ ಬನ್ನಿ" ಎಂದರು.

ಹೊಲದ ತುಂಬ ಹಳದಿ, ಕೇಸರಿ. ಹೆದ್ದಾರಿಯಲ್ಲಿ ಕಾರು ನಿಲ್ಲಿಸಿದ ಕೇರಳದವರು ಹೂವಿನ ನಡುವೆ ಫೋಟೋ ತೆಗೆದುಕೊಳ್ಳುತ್ತಿದ್ದರು. ಅವರಲ್ಲೊಬ್ಬ ಮೊಬೈಲು ಹಿಡಿದು ಇವರತ್ತ ನೋಡಿ, "ಚೇಟ್ಟಾ, ಒನ್ನು ಮಾರಿ ನಿಲ್ಕುಮೋ?" ಎಂದ. ಜೋಡಿಯ ಫೋಟೋ ತೆಗೆಯುತ್ತಾನೆಂದು ಬಸವಪ್ರಸಾದ ಜುಬ್ಬ ಸರಿಮಾಡಿಕೊಂಡು ಶಿವರಂಜಿನಿಯ ಪಕ್ಕ ಒಂದು ಹೆಜ್ಜೆ ಸರಿದು ನಿಂತ.

"ಸ್ವಲ್ಪ ಪಕ್ಕಕ್ಕೆ ಹೋಗಿ ಅಂತಿದ್ದಾರೆ. ಹೂವಿಗೆ ನೀವು ಅಡ್ಡ ಆಗಿದ್ದೀರಿ" ಎಂದಳು ಅವಳು.

ಇಬ್ಬರೂ ಪಕ್ಕಕ್ಕೆ ಹೋದರು. ಅವಳು ಜೋರಾಗಿ ನಕ್ಕುಬಿಟ್ಟಳು. ಆ ನಗೆ ಕೇಳಿದ ಮೇಲೆ ಬಸವಪ್ರಸಾದನಿಗೆ ಸುಳ್ಳು ಹೊತ್ತುಕೊಂಡು ನಿಲ್ಲಲಾಗಲಿಲ್ಲ. ಇವಳಿಗೆ ಮೋಸ ಮಾಡಿ ಸಂಸಾರ ಮಾಡುವುದಕ್ಕಿಂತ ನಿಜ ಹೇಳಿ ಒಂಟಿಯಾಗಿರುವುದು ವಾಸಿ ಅನ್ನಿಸಿತು.

"ಮೇಡಂ, ಒಂದು ಮಾತು. ಆ ಹಸುವಿನ ಪುಸ್ತಕ ನಾನು ಬರೆದದ್ದಲ್ಲ. ಸಾರಿಂದೂ ಅಲ್ಲ, ಮಾದಪ್ಪಂದೂ ಅಲ್ಲ. ಆ ಕೆಂಪು ಪುಸ್ತಕ ನಾನು ಕಣ್ಣಲ್ಲಿ ಕಂಡದ್ದೇ ಇವತ್ತು. ನಂದು ಒಂದೇ, ಲೋಟದ ಕೆಳಗಿತ್ತಲ್ಲ, ಅದು."

ಅವಳು ಹೂವೊಂದನ್ನು ಕಿತ್ತು ತಿರುಗಿಸುತ್ತ, "ಲೋಟ ಇಡೋಕೆ ಮುಂಚೆ ನಾನು ಅದನ್ನ ಓದಿದ್ದೆ" ಎಂದಳು. "ರೇಷ್ಮೆಗೂಡಿಂದ ನೂಲು ಬಿಚ್ಚೋ ಹೆಂಗಸರ ಮೇಲೆ ಒಂದು ಪದ್ಯ ಇದೆಯಲ್ಲ. ಬಿಸಿನೀರಲ್ಲಿ ಬೆಂದ ಬೆರಳಿಗೆ ರೇಷ್ಮೆ ಯಾವತ್ತೂ ಮೆತ್ತಗೆ ತಾಕಲಿಲ್ಲ ಅಂತ. ಅದು ಚೆನ್ನಾಗಿದೆ."

ಬಸವಪ್ರಸಾದನಿಗೆ ಭೂಮಿ ಒಂದು ಗೇಣು ಕೆಳಗೆ ಹೋದಂತಾಯಿತು. ಅವನ ಪದ್ಯವನ್ನು ಅವನಿಗೆ ವಾಪಸ್ ಹೇಳಿದವರು ಈ ಭೂಮಿಯ ಮೇಲೆ ಇವಳೊಬ್ಬಳೇ.

"ಒಂದು ಉಪಕಾರ ಮಾಡ್ತೀರಾ?" ಎಂದಳು ಶಿವರಂಜಿನಿ. "ಈಗ ಹೇಳಿದ್ದನ್ನ ಇನ್ಯಾರಿಗೂ ಹೇಳಬೇಡಿ. ಎಲ್ಲ ಪುಸ್ತಕಾನೂ ನಿಮ್ಮದೇ ಅಂತಲೇ ಇರಲಿ. ಮುಖ್ಯವಾಗಿ ಆ ಕೆಂಪು ಪುಸ್ತಕ. ಏನೇ ಆದ್ರೂ ಅದು ನಿಮ್ಮದೇ. ಮಾತು ಕೊಡ್ತೀರಾ?"

ತನ್ನ ಮಾನ ಉಳಿಸಲು ಇಷ್ಟು ಪಾಡುಪಡುತ್ತಿದ್ದಾಳಲ್ಲ ಎಂದು ಅವನ ಕಣ್ಣು ತೇವವಾಯಿತು. "ಕೊಟ್ಟೆ. ಪ್ರಾಣ ಹೋದರೂ ಸರಿ" ಎಂದ.

ಒಳಗೆ ಬಂದಾಗ ಎಲ್ಲರೂ ಕಾದು ಕೂತಿದ್ದರು. ಶಿವರಂಜಿನಿ ತಂದೆಯ ಎದುರು ನಿಂತು ನೇರವಾಗಿ ಹೇಳಿದಳು. "ಅಪ್ಪಾಜಿ, ಇವರು ಹಿತ್ತಲಲ್ಲಿ ನನಗೆ ನಿಜ ಹೇಳಿದರು. ನಿಮ್ಮ ಮುಂದೆ ಸಂಕೋಚಕ್ಕೆ ತಪ್ಪಾಯ್ತು ಅಂದ್ರು, ಅಷ್ಟೇ. ಆ ಪುಸ್ತಕ ಬರೆದವರಿಗೆ ಈಗಲೂ ಮದುವೆ ಬೇಡ ಅಂತಲೇ ಇದೆ. ಬೇಕಾದರೆ ಕೇಳಿ."

"ಹೌದೇನ್ರೀ?" ಎಂದರು ಶಿವಮಲ್ಲಪ್ಪನವರು.

ಬಸವಪ್ರಸಾದ ಅವಳ ಮುಖ ನೋಡಿದ. ಅವಳ ಕಣ್ಣಲ್ಲಿ ಕೇಡಿರಲಿಲ್ಲ, ಬೇಡಿಕೆಯಿತ್ತು. ಕೊಟ್ಟ ಮಾತು ನೆನಪಾಯಿತು. ಮಾವ ಚಿವುಟಲಿಲ್ಲ. ಆದರೂ ಅವನು "ಹೂಂ" ಎಂದ.

"ಮದುವೆ ಬ್ಯಾಡ್ದಿದ್ಮೇಲೆ ಹೆಣ್ಣು ನೋಡಕ್ ಯಾಕ್ರೀ ಬಂದ್ರಿ? ಕೇಸರಿಬಾತ್ ತಿನ್ನಕಾ?" ಎಂದು ಶಿವಮಲ್ಲಪ್ಪನವರು ಗುಡುಗಿದರು. ಬಾಗಿಲು ತೋರಿಸಿದರಾದರೂ ಒಳ್ಳೆಯ ಜನ, ಬರಿಗೈಲಿ ಕಳಿಸಲಿಲ್ಲ. ಅಜ್ಜಿ ಮತ್ತೊಮ್ಮೆ ಅವನ ಕೈ ಕಣ್ಣಿಗೊತ್ತಿಕೊಂಡು ವಿಭೂತಿ ಕೊಟ್ಟರು. ಗಂಗಾಂಬಿಕೆಯವರು ಕಣ್ಣೊರೆಸಿಕೊಂಡು ಹಿಡಿ, ಮುಚ್ಚಳ ಇದ್ದ ತೂಕುಪಾತ್ರೆಗೆ ಬಸ್ಸಾರು ಸುರಿದುಕೊಟ್ಟರು. ರಾಚಯ್ಯ ಬೇಲಿಯಾಚೆಯಿಂದ ಒಂದು ಸಿಹಿಕುಂಬಳಕಾಯಿ ಹೊರಿಸಿ, ಕರುವಿಗೆ ಬಸವಪ್ರಸಾದ ಅಂತ ಹೆಸರಿಟ್ಟಿದ್ದಾಗಿ ತಿಳಿಸಿದ. ಶಿವರಂಜಿನಿ ಕೆಂಪು ಪುಸ್ತಕವನ್ನು ಅವನ ಕಂಕುಳಿಗೆ ಸಿಕ್ಕಿಸಿ, "ಬಸ್ಸಲ್ಲಿ ಓದಿ. ಮೂರನೇ ಅಧ್ಯಾಯ ಬಿಡಬೇಡಿ" ಎಂದಳು.

ವಾಪಸ್ ಬಸ್ಸಿನಲ್ಲಿ ಕರಿಬಸವಯ್ಯ ಬೈಯುತ್ತಲೇ ಇದ್ದ. "ನಾ ಚಿವುಟ್ದಾಗ ಅನ್ನು ಅಂದಿದ್ರೆ, ಚಿವುಟ್ದೇ ಇದ್ದಾಗೂ ಹೂಂ ಅಂತೀಯಲ್ಲೋ ಮಂಕೆ!" ಬಸವಪ್ರಸಾದ ಕಾಲ ಮೇಲೆ ಕುಂಬಳಕಾಯಿ ಇಟ್ಟುಕೊಂಡು, ಅದರ ಮೇಲೆ ಪುಸ್ತಕ ಇಟ್ಟು ಮೊದಲ ಪುಟ ತೆರೆದ. ಹಸಿ ಶಾಯಿಯಲ್ಲಿ ದುಂಡನೆಯ ಅಕ್ಷರ.

'ಬಸವಪ್ರಸಾದ್ ಅವರಿಗೆ, ಗೌರವದಿಂದ, ಬಸವಪ್ರಸಾದ್.'

ಅವನು ಎರಡು ಸಲ ಓದಿದ. ಕೆಳಗೆ ಇನ್ನಷ್ಟಿತ್ತು.

'ಬರೆದವರು ಯಾರು ಅಂತ ಅಪ್ಪನಿಗೆ ಪತ್ತೆಯಾಗದಂಥ ಹೆಸರೊಂದು ಬೇಕಿತ್ತು. ನಮ್ಮ ಕಡೆ ಇದಕ್ಕಿಂತ ಒಳ್ಳೆಯದು ಸಿಗಲಿಲ್ಲ. ಕ್ಷಮಿಸಿ. ನನಗೆ ಮದುವೆ ಬೇಡವೇ ಬೇಡ, ನಿಮ್ಮ ಮೇಲೆ ಬೇಸರವಿಲ್ಲ. ನಿಮ್ಮ ಪದ್ಯ ಮಾತ್ರ ನಿಜಕ್ಕೂ ಚೆನ್ನಾಗಿದೆ. ಮುಂದಿನ ಪುಸ್ತಕಕ್ಕೆ ಇನಿಷಿಯಲ್ ಹಾಕಿಕೊಳ್ಳಿ. ತಲೆ ಇಲ್ಲದವಳು.'

ಅವನ ಕಿವಿ ಬಿಸಿಯಾಯಿತು. ತೀರಾ ಒರಟು ಭಾಷೆ ಅಂದದ್ದು, ಒಲೆಗೆ ಹಾಕಬೇಕು ಅಂದದ್ದು ಒಂದೊಂದಾಗಿ ನೆನಪಾಯಿತು. ಹುಡುಗಿ ಕೈತಪ್ಪಿದ ಸಂಕಟ ಎದೆಯಲ್ಲಿ ಹಾಗೇ ಇತ್ತು. ಆದರೂ ಯಾಕೋ ಅವಳ ಮೇಲೆ ಸಿಟ್ಟು ಬರಲಿಲ್ಲ.

"ಸಾರ್, ಈ ಪುಸ್ತಕ ನಿಮ್ಮತ್ರನೂ ಅದಾ?"

ತಲೆಯೆತ್ತಿದರೆ ಕಂಡಕ್ಟರು. ಕೋಣನ ಮೈಕಟ್ಟು. "ನಂಗೆ ಲಗ್ನ ಗೊತ್ತಾಗಿತ್ತು ಸಾರ್. ಛತ್ರಕ್ಕೆ ಅಡ್ವಾನ್ಸೂ ಕೊಟ್ಟಿದ್ದೆ. ಉಡ್ಗಿ ಈ ಪುಸ್ತಕ ಓದ್ಬುಟ್ಟು ಬ್ಯಾಡ ಅಂದ್ಬುಟ್ಳು. ಬರ್ದಿರೋ ನನ್ಮಗನ್ನ ಮೂರು ತಿಂಗ್ಳಿಂದ ಉಡುಕ್ತಾ ಇವ್ನಿ. ಯಾರ್ನ ಕೇಳುದ್ರೂ ನಾನು ಬ್ಯಾರೆ ಬಸವಪ್ರಸಾದ್ ಅಂತಾರೆ. ಒಬ್ಬ ಸಿಕ್ಕುದ್ನಲ್ಲ, ಅವ್ನು 'ಬರ್ದಿರೋದು ಹೆಂಗ್ಸಿರ್ಬೋದು' ಅಂತಾನೆ. ಹೌದಾ ಸಾರ್? ನಿಮ್ಗೇನಾರ ಗೊತ್ತಾ?"

ಕರಿಬಸವಯ್ಯ ಅಳಿಯನ ತೊಡೆಯನ್ನು ಚರ್ಮ ಕಿತ್ತುಬರುವಂತೆ ಚಿವುಟಿದ. ಈ ಸಲ ಅದರ ಅರ್ಥ 'ಇಲ್ಲ ಅನ್ನು' ಎಂದು. ಬಸವಪ್ರಸಾದ ಕಂಡಕ್ಟರನ ಮುಷ್ಟಿ ನೋಡಿದ, ದುಂಡನೆಯ ಅಕ್ಷರ ನೋಡಿದ, ಮೆಲ್ಲಗೆ ಪುಸ್ತಕ ಮುಚ್ಚಿದ.

"ಹೆಂಗಸಲ್ಲ. ನಾನೇ ಬರ್ದಿದ್ದು" ಎಂದ.

ಪೀಪಿ ಊದಿತು. ಬಸ್ಸು ಇಬ್ಬರನ್ನೂ ಕುಂಬಳಕಾಯಿ ಸಮೇತ ತೆರಕಣಾಂಬಿಗೆ ಇನ್ನೂ ದೂರವಿರುವಾಗಲೇ ರಸ್ತೆಬದಿ ಉದುರಿಸಿ ಹೋಯಿತು. ಜುಬ್ಬದ ಒಂದು ತೋಳು ಕಂಡಕ್ಟರನ ಕೈಯಲ್ಲೇ ಉಳಿಯಿತು. ಚೆಲ್ಲಿದ ಬಸ್ಸಾರು ಕರಿಬಸವಯ್ಯನ ಪಂಚೆಯಿಂದ ತೊಟ್ಟಿಕ್ಕುತ್ತಿತ್ತು.

"ಬುದ್ಧಿ ಅದಾ ನಿಂಗೆ?" ಎಂದು ಕರಿಬಸವಯ್ಯ ಕಿರುಚಿದ. "ಉಡ್ಗಿನೂ ಓಯ್ತು, ಬಸ್ಸೂ ಓಯ್ತು! ಅದ್ಯಾಕ್ಲಾ ಅಂಗ್ ಹಲ್ಲು ಕಿರ್ಕಂಡು ನಿಂತಿದ್ದೀಯ?"

ಬಸವಪ್ರಸಾದ ಕುಂಬಳಕಾಯಿಯನ್ನು ಹೆಗಲಿಗೇರಿಸಿಕೊಂಡ.

"ಮಾವ, ನನ್ನ ಪುಸ್ತಕಾನ ಒಬ್ರು ಓದಿದ್ದಾರೆ."

"ಯಾವುದ್ನಲಾ?" ಎಂದ ಕರಿಬಸವಯ್ಯ.